ಪಾಲುಪಟ್ಟಿ

ಸುಗಲಾ ಬೆಂಚಿನಿಂದ ಎದ್ದಳು. ಇಡೀ ತರಗತಿಗೆ ಬೆವರೊಡೆಯಿತು. ಮೂವತ್ತೆಂಟು ಮಕ್ಕಳ ಬಾಯಿ ಒಟ್ಟಿಗೇ ಒಣಗಿತು. ಹಿಂದಿನ ಸಾಲಿನ ದಾನೇಶ ಹೊಟ್ಟೆ ಹಿಡಿದುಕೊಂಡು, "ಲಗೂ ಮುಗಸ ನಮ್ಮವ್ವಾ, ಸಾಯಾಕ ಹತ್ತೀನಿ!" ಎಂದು ಹಲ್ಲು ಕಡಿದ.

ಅದು 2058. ಗದುಗಿನ ಆ ಶಾಲೆಯ ಹತ್ತನೆಯ ತರಗತಿಯವರ ಮುಂಗೈಗೆಲ್ಲ ವಿಜ್ಞಾನಿ ರುಕ್ಸಾನಾ ನದಾಫ್ ಪಾಲುಪಟ್ಟಿ ಕಟ್ಟಿದ್ದರು. ಮಾತಾಡುವವರ ನಾಡಿ, ಬೆವರು, ಉಸಿರನ್ನು ಅಳೆದು ಅವರ ಭಯವನ್ನು ಕೇಳುವವರ ನರಗಳಿಗೂ ದಾಟಿಸುವ ಸಾಧನ ಅದು. ಅಂಜಿಕೆ ಕಳೆಯುವ ಗುಳಿಗೆಗಳು ಆಗಲೇ ಬಂದಿದ್ದವು, ಆದರೆ ರುಕ್ಸಾನಾಗೆ ಅವನ್ನು ಕಂಡರೆ ಉರಿ. ನಗುವವರನ್ನು ಬಿಟ್ಟು ನಡುಗುವವಳಿಗೆ ಮದ್ದು ಕೊಡುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎನ್ನುತ್ತಿದ್ದರು.

ಪ್ರತಿಯೊಬ್ಬರೂ ತರಗತಿಯ ಮುಂದೆ ಮೂರು ನಿಮಿಷ ಮಾತಾಡಲೇಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಸುಗಲಾಗೆ ಉಳಿದದ್ದು ಇದೂ ಸೇರಿ ಎರಡೇ ಅವಕಾಶ.

"ಬಾವಲಿ..." ಎಂದು ತನ್ನ ವಿಷಯದ ಹೆಸರು ಹೇಳಿದಳು. ಮುಂದೆ ಬರಲಿಲ್ಲ.

ಪಟ್ಟಿ ಕಟ್ಟಿಕೊಳ್ಳಲು ಒಪ್ಪದ ಹೊಸಮನಿ ಮಾಸ್ತರರು, "ಬಾಯಾಗ ಕಡಬು ಇಟಗೊಂಡೀಯೇನ?" ಎಂದರು.

ಸುಗಲಾಳ ಎದೆ ಧಸಕ್ಕೆಂದಿತು. ಅದರ ಪಾಲು ಎಲ್ಲರಿಗೂ ಮುಟ್ಟಿತು. ಮುಂದಿನ ಸಾಲಿನ ಹುಡುಗಿ ವಾಂತಿ ಮಾಡಿಕೊಂಡಳು. "ಸರ್, ಸುಮ್ನಿರ್ರೀ! ನೀವು ಅಕೀಗೆ ಬೈದ್ರ ನಮ್ಮ ಜೀವ ಹೋಗತೈತಿ!" ಎಂದು ದಾನೇಶ ಚೀರಿದ. ಅವನಿಗೆ ಕರುಣೆಯೇನೂ ಉಕ್ಕಿರಲಿಲ್ಲ. ಪಟ್ಟಿ ಕಿತ್ತು ಅವಳತ್ತಲೇ ಎಸೆದ, ಉಳಿದವರೂ ಎಸೆದರು.

ಮರುದಿನ ಪಾಲಕರು ಬಂದು ಕೂಗಾಡಿದರು. "ಯಾರದೋ ಅಂಜಿಕಿ ನಮ್ಮ ಮಕ್ಕಳಿಗೆ ಯಾಕ ಹಚ್ಚತೀರಿ?" ರುಕ್ಸಾನಾ ಹೇಳಿದ್ದನ್ನು ಯಾರೂ ಕೇಳಲಿಲ್ಲ. ಪ್ರಯೋಗ ಅಲ್ಲಿಗೇ ನಿಂತಿತು.

ಪಟ್ಟಿಗಳನ್ನು ಡಬ್ಬಿಗೆ ತುಂಬುತ್ತಿದ್ದ ರುಕ್ಸಾನಾ ಬಳಿ ಸುಗಲಾ ಬಂದಳು. "ಮೇಡಂ, ಅವರಿಗೆ ಆಗಿದ್ದು ನನ್ನಷ್ಟ ಅಂಜಿಕೀನಾ?"

"ನಿನ್ನದರಾಗ ಅರ್ಧ. ಪೂರಾ ಕೊಡಾಕ ನನಗ ಧೈರ್ಯ ಆಗಲಿಲ್ಲವ್ವಾ. ಅಷ್ಟಕ್ಕ ನಲವತ್ತು ಸೆಕೆಂಡಿನಾಗ ಕಿತ್ತು ಒಗದ್ರು."

ಸುಗಲಾ ಕೊನೆಯ ಪಟ್ಟಿಯನ್ನು ತಾನೇ ಎತ್ತಿ ಡಬ್ಬಿಗೆ ಹಾಕಿದಳು.

ಕೊನೆಯ ಅವಕಾಶದ ದಿನ ಯಾರ ಮುಂಗೈಯಲ್ಲೂ ಪಟ್ಟಿ ಇರಲಿಲ್ಲ. "ಬಾರವ್ವಾ ಮೌನಗೌರಿ," ಎಂದರು ಮಾಸ್ತರರು. ತರಗತಿ ಗೊಳ್ಳೆಂದಿತು, ದಾನೇಶನದೇ ದೊಡ್ಡ ನಗು. ಸುಗಲಾ ಎದ್ದು ಮುಂದೆ ಬಂದಳು. ಅಂಜಿಕೆ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಅವಳಿಗೆ ಇದೇ ಮೊದಲ ಸಲ ಮೈಯೆಲ್ಲ ಸಿಟ್ಟು ಬಂದಿತ್ತು.

"ನ... ನಗ್ರಿ," ಎಂದಳು. "ನನ್ನ ಅಂಜಿಕ್ಯಾಗ ಅರ್ಧ ಪಾಲು ಕೊಟ್ರ ನಲವತ್ತು ಸೆಕೆಂಡು ತಡಕೊಳ್ಳಲಿಲ್ಲ ನೀವು. ನಾ ಪೂರಾ ಹೊತಗೊಂಡು ಒಂಬತ್ತು ವರ್ಷ ಇಲ್ಲೇ ನಿಂತೀನಿ. ಈಗ ಬಾವಲಿ ವಿಷಯ ಹೇಳತೀನಿ, ಕೇಳ್ರಿ."

ತೊದಲುತ್ತಲೇ ಮೂರು ನಿಮಿಷ ಹೇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾಸ್ತರರು ತಲೆ ಎತ್ತದೆ 'ಪಾಸ್' ಎಂದು ಬರೆದರು.

ಇವತ್ತಿನಿಂದ ಎಣಿಸಿದರೆ ಆ ಪಟ್ಟಿ ಬರಲು ಇನ್ನೂ ಮೂರು ದಶಕ ಬೇಕು. ಅಲ್ಲಿಯವರೆಗೆ ನಮ್ಮ ತರಗತಿಗಳಲ್ಲಿ ನಗುವುದು ಪುಕ್ಕಟೆ.