ಕಾಗೆ ಎಂಜಲು

ರುದ್ರಪ್ರಸಾದ್ ಸೀಬೆಹಣ್ಣಿಗೆ ಅಂಗಿಯ ಚುಂಗು ಮುಚ್ಚಿ ಕಚ್ಚಲು ಹೊರಟಿದ್ದ. ಬಟ್ಟೆಯ ಮೇಲೆ ಕಚ್ಚಿದರೆ ಅದು ಕಾಗೆ ಎಂಜಲು, ಯಾರು ಬೇಕಾದರೂ ತಿನ್ನಬಹುದು. ಚನ್ನಪಟ್ಟಣದ ಆ ಗೊಂಬೆ ಕಾರ್ಖಾನೆಯಲ್ಲಿ ಅವನು ಮರ ಕಡೆಯುವವನು, ಮಂಗಳಗೌರಿ ಅರಗಿನ ಬಣ್ಣ ಹಚ್ಚುವವಳು.

"ಚಿಕ್ಕ್ ಮಕ್ಳಂಗೆ ಏನದು?" ಎಂದು ಗೌರಿ ಹಣ್ಣು ಕಿತ್ತುಕೊಂಡು, ಹಾಗೇ ಕಚ್ಚಿ ಅವನ ಕೈಗಿಟ್ಟಳು. "ಈಗ ತಿನ್ನು, ನೋಡಾನ."

ಅವಳ ಕಣ್ಣನ್ನೇ ನೋಡುತ್ತಾ ಅವಳು ಕಚ್ಚಿದ ಕಡೆಯೇ ಕಚ್ಚಿದ. ಕಿವಿ ಕೆಂಪಗಾಗಿತ್ತು. "ಇನ್ನು ಮದ್ವೆ ಆಗ್ದೆ ಗತಿಯಿಲ್ಲ ಬುಡು."

ವೀಳ್ಯಶಾಸ್ತ್ರವೂ ಆಯಿತು. ಅಷ್ಟರಲ್ಲಿ ಅವನ ಕುತ್ತಿಗೆಯಲ್ಲಿ ಗಂಟು ಎದ್ದಿತು. ಬೆಂಗಳೂರಿನ ಡಾಕ್ಟರು ದುಗ್ಧರಸ ಗ್ರಂಥಿಯ ಕ್ಯಾನ್ಸರ್ ಎಂದರು, ಎಂಜಲಿನಿಂದ ಹರಡುವ ಒಂದು ವೈರಸ್ಸಿನ ಕೈವಾಡವೂ ಇದೆ ಎಂದರು. ಅವನ ತಾಯಿ ಶಿವಲಿಂಗಮ್ಮನ ಕಿವಿಗೆ ಬಿದ್ದದ್ದು ಎಂಜಲು ಎಂಬ ಮಾತೊಂದೇ. ಸೀಬೆಹಣ್ಣಿನ ಸುದ್ದಿ ಕಾರ್ಖಾನೆಗೆಲ್ಲ ಗೊತ್ತಿತ್ತಲ್ಲ.

"ನನ್ ಮಗನ್ನ ತಿಂದ್ಬುಟ್ಟೆ ಕಣೇ," ಎಂದು ಗೌರಿಯ ಮುಖಕ್ಕೇ ಬಾಗಿಲು ಹಾಕಿದಳು.

ಗೌರಿಯೂ ಅದನ್ನು ನಂಬಿದಳು. ಅನ್ನ ಸೇರಲಿಲ್ಲ. ಕೊನೆಗೆ ತಡೆಯಲಾರದೆ ಬೆಂಗಳೂರಿಗೆ ಹೋಗಿ ಆ ಡಾಕ್ಟರನ್ನೇ ಕೇಳಿದಳು.

"ಆ ವೈರಸ್ ನನ್ನಲ್ಲೂ ಇರಬಹುದು, ನಿನ್ನಲ್ಲೂ ಇರಬಹುದಮ್ಮ," ಎಂದರು ಅವರು. "ಹೆಚ್ಚಿನವರಿಗೆ ಕೂಸಾಗಿದ್ದಾಗಲೇ ಬಂದಿರುತ್ತೆ, ತಾಯಿ ಅಗಿದು ತಿನ್ನಿಸೋ ತುತ್ತಲ್ಲೋ, ಮುತ್ತಲ್ಲೋ. ರಕ್ತದ ಬಿಳಿಕಣದಲ್ಲಿ ಸುಮ್ಮನೆ ಅಡಗಿರುತ್ತೆ. ಎಲ್ಲೋ ಒಬ್ಬರಲ್ಲಿ ಮಾತ್ರ, ಸಾಯಬೇಕಾದ ಕಣಕ್ಕೆ ಸಾಯದೇ ಇರೋದನ್ನ ಕಲಿಸುತ್ತೆ. ಅದು ಬೆಳೀತಾನೇ ಹೋಗುತ್ತೆ. ನಿನ್ನ ಹಣ್ಣಿನದೇನೂ ತಪ್ಪಿಲ್ಲ."

ಗೌರಿಗೆ ಹೋದ ಜೀವ ಬಂದಂತಾಯಿತು. ರೈಲಿಳಿದವಳು ಅವನ ಮನೆಗೆ ಓಡಿಯೇ ಹೋದಳು.

ಔಷಧಿ ಹಿಡಿಯದೆ ಅವನನ್ನು ಮನೆಗೆ ಕಳಿಸಿದ್ದರು. ಶಿವಲಿಂಗಮ್ಮ ಅನ್ನವನ್ನು ಬಾಯಲ್ಲಿ ಅಗಿದು ನುಣ್ಣಗೆ ಮಾಡಿ ಮಗನ ತುಟಿಗೆ ಇಡುತ್ತಿದ್ದಳು. "ಕೂಸಾಗಿದ್ದಾಗ್ಲೂ ಹಿಂಗೇ ತಿನ್ಸಿ ಉಳಿಸ್ಕಂಡೆ, ಈಗ್ಲೂ ಉಳಿಸ್ಕತೀನಿ. ನೀನ್ಯಾಕ್ ಬಂದೆ?"

"ಡಾಕ್ಟ್ರನ್ನ ಕೇಳ್ಕೊಂಡ್ ಬಂದೆ," ಎಂದಳು ಗೌರಿ.

ರುದ್ರ ಕಷ್ಟಪಟ್ಟು ಕಣ್ಣು ಬಿಟ್ಟ. "ನಿನ್ನಿಂದ ಅಲ್ಲ ತಾನೆ? ಅಲ್ಲ ಅಂತ ಒಂದ್ಸಲ ಹೇಳ್ಬುಡು."

ಅಲ್ಲ ಎಂದರೆ, ಮತ್ಯಾರಿಂದ ಎಂದು ಶಿವಲಿಂಗಮ್ಮ ಕೇಳದೆ ಬಿಡುವವಳಲ್ಲ. ಅವಳ ತುಟಿಯ ಅಂಚಿನಲ್ಲಿ ಒಂದು ಅಗುಳು ಅಂಟಿತ್ತು. ಮಗ ಹೋದ ಮೇಲೂ ಆ ಹೆಂಗಸು ಬದುಕಬೇಕಿತ್ತು.

"ನನ್ನಿಂದ್ಲೇ," ಎಂದಳು ಗೌರಿ.

ರುದ್ರ ಅವಳನ್ನೇ ನೋಡಿದ. ಆಮೇಲೆ ಗೋಡೆಯ ಕಡೆ ಹೊರಳಿಕೊಂಡ. ಶಿವಲಿಂಗಮ್ಮ ಇನ್ನೊಂದು ತುತ್ತು ಅಗಿಯತೊಡಗಿದಳು.