ಎಣಿಕೆಯಲ್ಲಿದ್ದ ಹನ್ನೊಂದನೆಯವನು

ಗ್ರೇಡಿಯ ಜೊತೆ ಇಂಗ್ರಿಡ್ ಮಾತು ಬಿಟ್ಟು ಆರು ತಿಂಗಳಾಗಿತ್ತು. ಜಗಳವೇನೂ ಆಗಿರಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಅವನ ಪಿಕಪ್ಪಿನಲ್ಲಿ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು, ಅಷ್ಟೇ. ಟೋಬಿನ್ ಸತ್ತು ಎರಡು ತಿಂಗಳೂ ತುಂಬಿರಲಿಲ್ಲ. ನಗು ನಿಂತ ಕೂಡಲೇ ಬಾಗಿಲು ತೆಗೆದು ಇಳಿದವಳು ತಿರುಗಿ ನೋಡಿರಲಿಲ್ಲ.

ಟೋಬಿನ್ ಅವಳು ಮದುವೆಯಾಗಬೇಕಿದ್ದ ಹುಡುಗ, ಎಲ್ಮ್‌ರಿಜ್ ಕಾಲೇಜಿನ ಫುಟ್‌ಬಾಲ್ ಆಟಗಾರ; ಹೆಲ್ಮೆಟ್ಟು ಹಾಕಿ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲ್. ಗ್ರೇಡಿ ಅವನ ಪಕ್ಕದ ಹೊಲದವನು, ಚಡ್ಡಿ ದೋಸ್ತ್. ಆದರೆ ಗ್ರೇಡಿ ಸೇರಿದ್ದು ನದಿಯಾಚೆಯ ಟಾರ್ವಿಕ್ ಕಾಲೇಜನ್ನು, ಎಲ್ಮ್‌ರಿಜ್‌ನ ಹುಟ್ಟಾ ವೈರಿಯನ್ನು. ಮಾರ್ಚಿನಲ್ಲಿ ಹಿಮಗಟ್ಟಿದ ಸೇತುವೆಯ ಮೇಲೆ ಟೋಬಿನ್‌ನ ಗಾಡಿ ಜಾರಿತು. ಅಲ್ಲಿಗೆ ಮುಗಿಯಿತು ಎಂದಿತು ಊರು. ಇಂಗ್ರಿಡ್‌ಗೆ ಎಲ್ಲಿ ಮುಗಿದಿತ್ತು!

ತಂಡದ ಸಾಮಾನು ನೋಡಿಕೊಳ್ಳುವುದು ಅವಳ ಕೆಲಸ. ಅದರ ಜೊತೆಗೆ ಇನ್ನೊಂದು: ಪಂದ್ಯದುದ್ದಕ್ಕೂ ನಿಂತು ನಿಂತು ಶುರುವಾಗುವ ಪ್ರತಿ ಆಟಕ್ಕೂ ಮುನ್ನ ಮೈದಾನದಲ್ಲಿರುವ ತಮ್ಮ ಹುಡುಗರನ್ನು ಎಣಿಸಿ, ಹನ್ನೊಂದು ಸರಿಯಿದ್ದರೆ ಕೋಚ್‌ಗೆ ಹೆಬ್ಬೆರಳು ತೋರಿಸುವುದು. ಈ ವರ್ಷ ಪ್ರತಿ ಪಂದ್ಯದ ಮೊದಲ ಆಟಕ್ಕೆ ಹತ್ತೇ ಜನ ಇಳಿಯುತ್ತಿದ್ದರು. ಎಡತುದಿಯಲ್ಲಿ ಟೋಬಿನ್‌ನ ಜಾಗವನ್ನು ಖಾಲಿ ಬಿಡುತ್ತಿದ್ದರು. ಆಗಲೂ ಅವಳು ಹನ್ನೊಂದು ಎಣಿಸುತ್ತಿದ್ದಳು. ಅವನು ಅಲ್ಲಿ ಬಗ್ಗಿ ನಿಂತು, ಎಂದಿನಂತೆ ಅಂಗಿಯ ಎಡತೋಳನ್ನು ಎರಡು ಸಲ ಎಳೆದುಕೊಳ್ಳುವುದು ಅವಳಿಗೆ ಕಾಣುತ್ತಿತ್ತು. ಹುಚ್ಚು ಅನ್ನುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ನವೆಂಬರಿನ ಕೊನೆಯ ಪಂದ್ಯ ಟಾರ್ವಿಕ್ ಜೊತೆ. ಎಲ್ಮ್‌ರಿಜ್ ಆ ವರ್ಷ ಆಡಿದ ಎಂಟನ್ನೂ ಸೋತಿತ್ತು. ಟಾರ್ವಿಕ್ ಎದುರಂತೂ ಗೆದ್ದು ಒಂಬತ್ತು ವರ್ಷ. ಈ ಪಂದ್ಯ ಗೆದ್ದವರ ಪಾಲಾಗುವ ಗಂಟೆ ಅಷ್ಟೂ ವರ್ಷ ನದಿಯಾಚೆಯೇ ಇತ್ತು.

ಪಂದ್ಯಕ್ಕೆ ಮುಂಚೆ ಗ್ರೇಡಿ ಅವಳಿದ್ದಲ್ಲಿಗೇ ಬಂದ. ಹೆಲ್ಮೆಟ್ಟು ಕಂಕುಳಲ್ಲಿತ್ತು. ಕಣ್ಣು ಅವಳ ಮುಖದ ಮೇಲೆ ಕೂತು ಏಳಲೊಲ್ಲದು.

"ಮೂಗು ಕೆಂಪಾಗಿದೆ. ಟೋಪಿ ಹಾಕ್ಕೋಬಾರ್ದಾ?"

"ನಿನ್ನ ತಂಡ ಆ ಕಡೆ ಇದೆ. ನಡಿ."

"ಸೋತ ಕ್ಯಾಪ್ಟನ್ ತಾನೇ ಗಂಟೆ ಹೊತ್ಕೊಂಡು ಬಂದು ಕೊಡ್ಬೇಕು. ನಾನು ಹೊತ್ಕೊಂಡು ಬಂದ್ರೆ ಮಾತಾಡ್ತೀಯಾ?"

"ನೋಡು ಗ್ರೇಡಿ, ಅಯ್ಯೋ ಪಾಪ ಅಂತ ಬೇಕಂತಲೇ ಸೋತು ಬಂದೆಯೋ, ಆ ಗಂಟೆ ನಿನ್ನ ಕಾಲ ಮೇಲೆ ಎತ್ತಿಹಾಕ್ತೀನಿ. ಸಾಯೋತನಕ ಮಾತಾಡಲ್ಲ."

"ಸರಿ," ಎಂದು ನಕ್ಕು ಹೋದ. ಬೆನ್ನನ್ನು ನೋಡಬಾರದೆಂದುಕೊಂಡೇ ನೋಡಿದಳು.

ಸಂಜೆಯ ಬೆಳಕು ಮಾಸುವ ಹೊತ್ತಿಗೆ ಎಲ್ಮ್‌ರಿಜ್ ಬರೀ ಮೂರು ಪಾಯಿಂಟು ಹಿಂದಿತ್ತು. ಒಂದೇ ಆಟ ಬಾಕಿ, ಚೆಂಡು ದಾಟಿಸಬೇಕಾದ ಗೆರೆಗೆ ಮೂರೇ ಗಜ; ದಾಟಿದರೆ ಆರು ಪಾಯಿಂಟು. "ಮನೆಗೆ ಹೋಗಿ ಹಾಲು ಕರೀರೋ!" ಎಂದು ಟಾರ್ವಿಕ್‌ನವರು ಗಂಟಲು ಹರಿಯುವಂತೆ ಕಿರುಚುತ್ತಿದ್ದರು. ಎಡತುದಿಯಲ್ಲಿ ಆಡುತ್ತಿದ್ದ ಎಲ್ಮ್‌ರಿಜ್‌ನ ಹುಡುಗ ಕಾಲು ಹಿಡಿದುಕೊಂಡು ಕುಂಟುತ್ತಾ ಹೊರಗೆ ಬಂದ. ಆ ಗಲಾಟೆಯಲ್ಲಿ ಅವನ ಬದಲಿಗೆ ಯಾರೂ ಇಳಿಯಲಿಲ್ಲ. ಇಂಗ್ರಿಡ್ ಎಣಿಸಿದಳು. ಎಡತುದಿಯವನು ತೋಳು ಎಳೆದುಕೊಂಡ. ಹನ್ನೊಂದು. ಹೆಬ್ಬೆರಳು ಎತ್ತಿದಳು.

ಚೆಂಡು ಎಲ್ಮ್‌ರಿಜ್‌ನವರ ಕೈಗೆ ಬಂದ ಗಳಿಗೆಯಲ್ಲೇ, ನಟ್ಟನಡುವೆ ಗೋಡೆಯಂತೆ ನಿಂತಿದ್ದ ಗ್ರೇಡಿ ಜಾಗ ಬಿಟ್ಟು ಎಡಮೂಲೆಗೆ ಓಡಿದ. ತೋಳು ಚಾಚಿ, ಯಾರನ್ನೋ ಅಟ್ಟಿಸಿಕೊಂಡು. ಅವನು ಬಿಟ್ಟ ಸಂದಿನಲ್ಲೇ ಎಲ್ಮ್‌ರಿಜ್‌ನ ಹುಡುಗ ಚೆಂಡನ್ನು ಎದೆಗವಚಿಕೊಂಡು ನುಗ್ಗಿ ಗೆರೆಯಾಚೆ ಬಿದ್ದ.

ಒಂಬತ್ತು ವರ್ಷದ ಕೂಗು ಒಮ್ಮೆಲೇ ಎದ್ದಿತು. ಮುದಿ ಕೋಚ್ ವೋಗೆಲ್ ಅವಳನ್ನು ತಬ್ಬಿಕೊಂಡು ಕುಣಿದ. "ಹತ್ತೇ ಜನ ಇದ್ರಲ್ಲೇ ತಾಯಿ! ನೀನೆಂಥಾ ಎಣಿಸ್ದೆ?"

ಹತ್ತೇ ಜನವಾದರೆ ಗ್ರೇಡಿ ಓಡಿದ್ದು ಖಾಲಿ ಜಾಗಕ್ಕೆ. ಹಾಗಾದರೆ ಬಿಟ್ಟುಕೊಟ್ಟ. ಅವಳಿಗೆ ಭಿಕ್ಷೆ ಹಾಕಿದ.

ಗ್ರೇಡಿ ಹಳೆಯ ಕಬ್ಬಿಣದ ಗಂಟೆಯನ್ನು ಹೆಗಲ ಮೇಲಿಟ್ಟುಕೊಂಡು ಮೈದಾನ ದಾಟಿ ಬಂದ. ಹಿಂದೆ ಟಾರ್ವಿಕ್‌ನ ಹುಡುಗರೆಲ್ಲ ಹೆಲ್ಮೆಟ್ಟು ತೆಗೆದು ಬಂದು, ಗೆದ್ದವರ ಕೈ ಒಬ್ಬೊಬ್ಬರದಾಗಿ ಕುಲುಕಿದರು. ಆಗಲೂ ಯಾರೋ ಪ್ರೇಕ್ಷಕರ ಸಾಲಿನಿಂದ ಕೂಗಿದರು: "ಗ್ರೇಡಿ, ಗಾಳಿ ಹಿಡಿಯೋಕೆ ಹೋಗಿದ್ಯೇನೋ!"

ಅವನು ಗಂಟೆಯನ್ನು ಕಂಬಕ್ಕೆ ತೂಗುಹಾಕಿ ಅವಳ ಕಡೆ ತಿರುಗಿದ. ಮುಖ ಬಿಳುಚಿತ್ತು.

"ಬಿಟ್ಕೊಟ್ಯಾ?" ಎಂದಳು. "ನಿಜ ಹೇಳು."

"ನನ್ನ ಹುಡುಗ್ರು ಇಡೀ ದಿನ ಮಣ್ಣು ತಿಂದಿದಾರೆ. ಅವರಿಗೆ ಆ ಮೋಸ ಮಾಡ್ತೀನಾ? ನಿನಗೋಸ್ಕರ ಕೂಡ ಮಾಡಲ್ಲ."

"ಮತ್ತೆ ಯಾರನ್ನ ಹಿಡಿಯೋಕೆ ಓಡ್ದೆ? ಅಲ್ಲಿ ಯಾರೂ ಇರ್ಲಿಲ್ಲ."

"ನೀನು ಎಷ್ಟು ಎಣಿಸ್ದೆ?"

"ಹನ್ನೊಂದು."

"ನಾನೂ." ಅವನು ಎಡಮೂಲೆಯ ಕಡೆ ಕೈ ಮಾಡಿದ. "ತೋಳು ಎಳ್ಕೊಂಡ, ಇಂಗ್ರಿಡ್. ಎರಡು ಸಲ. ಆಮೇಲೆ ಮೂಲೆಗೆ ಓಡ್ದ. ಹುಡುಗರಾಗಿದ್ದಾಗಿಂದ ಅವನನ್ನ ಒಂದು ಸಲನೂ ಹಿಡಿಯೋಕಾಗಿಲ್ಲ ನಂಗೆ. ಇವತ್ತೂ ಆಗ್ಲಿಲ್ಲ."

ಅವಳು ಅವನ ಕೆಸರು ಮೆತ್ತಿದ ಎದೆಗೆ ಹಣೆ ಒತ್ತಿದಳು. ಅತ್ತಳು. ಆರು ತಿಂಗಳು ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದಳಲ್ಲ!

"ನಿನ್ನ ಜೊತೆ ನಕ್ಕಿದ್ದಕ್ಕೆ ಓಡಿಹೋದೆ ಕಣೋ," ಎಂದಳು. "ನಿನ್ನ ಮೇಲೆ ಆಸೆ ಬಂದಿದ್ದಕ್ಕೆ."

"ನಂಗೂ ನೀನಂದ್ರೆ ಪ್ರಾಣ. ಅವನಿಗೆ ಏನು ಹೇಳೋದು ಅಂತ ಗೊತ್ತಾಗ್ದೆ ಸುಮ್ಮನಿದ್ದೆ."

ಕೊನೆಯ ಆಟ ಆಡಿದವರು ಒಬ್ಬೊಬ್ಬರೂ ಒಂದೊಂದು ಸಲ ಗಂಟೆ ಬಾರಿಸಬೇಕು, ಅದು ಗೆದ್ದವರ ರೂಢಿ. ಲೆಕ್ಕ ಹೇಳುವುದು ಇಂಗ್ರಿಡ್. ಒಂದು, ಎರಡು... ಹತ್ತನೆಯವನು ಬಾರಿಸಿ ಸರಿದ. ಎಲ್ಲರೂ ಅವಳನ್ನೇ ನೋಡಿದರು. ಅವಳು ಎಡಮೂಲೆಯತ್ತ ನೋಡಿದಳು. ತುಳಿದ ಹುಲ್ಲಿತ್ತು, ಗೆರೆಯಿತ್ತು. ಮತ್ತೆ ಯಾರೂ ಇರಲಿಲ್ಲ.

"ಹತ್ತು," ಎಂದಳು ಗಟ್ಟಿಯಾಗಿ.

ಆಮೇಲೆ ತಾನೇ ಗಂಟೆಯ ಹಗ್ಗ ಹಿಡಿದು, ಅದನ್ನು ಗ್ರೇಡಿಯ ಕೈಗೂ ಕೊಟ್ಟಳು. ಗೆದ್ದವರ ಸಾಲಿನಲ್ಲಿ ಸೋತ ತಂಡದವನು ಆ ಗಂಟೆ ಬಾರಿಸಿದ್ದನ್ನು ಎಲ್ಮ್‌ರಿಜ್ ಯಾವತ್ತೂ ಕಂಡಿರಲಿಲ್ಲ. ಯಾರೂ ಬೇಡ ಅನ್ನಲಿಲ್ಲ. ಹನ್ನೊಂದನೆಯದನ್ನು ಇಬ್ಬರೂ ಸೇರಿ ಬಾರಿಸಿದರು.