ಜಗಳಕ್ಕೊಂದು ಇಂಗ್ಲಿಷ್

ಇಂಗ್ಲಿಷ್ ಕ್ಲಾಸಿನ ಮೇಡಂ ಪರೀಕ್ಷೆಯ ಜೋಡಿಗಳನ್ನು ಓದಿ ಹೇಳಿದಾಗ ನರ್ಸಮ್ಮನ ಮುಖ ಹುಳ್ಳಗಾಯಿತು. ಅವಳ ಪಾಲಿಗೆ ಬಂದವನು ಲಿಫ್ಟ್ ಮೆಕ್ಯಾನಿಕ್. ಇಡೀ ಊರಿನಲ್ಲಿ ಇವನೊಬ್ಬನನ್ನು ಬಿಟ್ಟು ಬೇರೆ ಯಾರಾದರೂ ಆಗಬಹುದಿತ್ತು.

ಹೋದ ತಿಂಗಳು ಅವಳ ಕಟ್ಟಡದ ಲಿಫ್ಟನ್ನು ಬಿಚ್ಚಿ ಹರವಿ, ನಾಳೆ ನಾಳೆ ಎನ್ನುತ್ತ ವಾರ ತಳ್ಳಿದ ಪುಣ್ಯಾತ್ಮ ಇವನೇ. ಮಂಡಿನೋವಿನ ಅಮ್ಮ ಅಷ್ಟೂ ದಿನ ನಾಲ್ಕನೇ ಮಹಡಿಯಲ್ಲೇ ಸೆರೆ. ನರ್ಸಮ್ಮ ಮೆಟ್ಟಿಲ ಮೇಲೆ ನಿಂತು ಅವನ ಚಳಿ ಬಿಡಿಸಿದ್ದಳು. ಅವನು ಸ್ಕ್ರೂಡ್ರೈವರ್ ಕೂಡ ಕೆಳಗಿಡದೆ, "ನೀವು ಹೀಗೆ ಕೂಗಿದ್ರೆ ಮೇಲೇರೋದು ನಿಮ್ಮ ಬಿಪಿ ಮೇಡಂ, ಲಿಫ್ಟಲ್ಲ" ಎಂದಿದ್ದ.

ಪರೀಕ್ಷೆಯಲ್ಲಿ ಇಬ್ಬರೂ ಎದುರುಬದುರು ಕೂತು ಇಂಗ್ಲಿಷಿನಲ್ಲಿ ಮಾತಾಡಬೇಕು. ನುಡಿಗಟ್ಟು, ಟರ್ನ್ ಅಪ್, ಕಾಮ್ ಡೌನ್ ಥರದ ಫ್ರೇಸಲ್ ವರ್ಬ್ ಎಲ್ಲ ಸಲೀಸಾಗಿ ಬಾಯಿಗೆ ಬರಬೇಕು. ಒಬ್ಬರು ತುಟಿ ಹೊಲಿದುಕೊಂಡರೆ ಇಬ್ಬರೂ ಫೇಲ್. ಪಾಸಾದರೆ ಆಸ್ಪತ್ರೆಯಲ್ಲಿ ಅವಳ ಕೆಲಸ ಕಾಯಂ. ಅವನನ್ನು ಕಂಪನಿ ಎರಡು ವರ್ಷದ ತರಬೇತಿಗೆ ಸಮುದ್ರದಾಚೆ ಕಳಿಸುತ್ತದೆ.

"ಒಳ್ಳೇದೇ ಆಯ್ತು, ಪೀಡೆ ತೊಲಗುತ್ತೆ," ಎಂದಳು ನರ್ಸಮ್ಮ.

"ಅದಕ್ಕಾದ್ರೂ ಚೆನ್ನಾಗಿ ಓದಿ," ಎಂದ ಅವನು.

ಮೊದಮೊದಲು ಅಭ್ಯಾಸ ಎಂಬುದು ಬರೀ ಹಿಂಸೆ. ಹವಾಮಾನ ಹೇಗಿದೆ ಎಂದು ಅವನು ಇಂಗ್ಲಿಷಿನಲ್ಲಿ ಕೇಳುವುದು, "ಫೈನ್" ಎಂದು ಅವಳು ಹೇಳುವುದು, ಆಮೇಲೆ ಇಬ್ಬರೂ ಗೋಡೆ ನೋಡುವುದು. ಒಂದು ಸಂಜೆ ಅವನು ತಡವಾಗಿ ಬಂದ. ಅವಳಿಗೆ ಸಹಿಸಲಾಗದೆ ರೇಗಿಹೋಯಿತು.

"ಯು ಆಲ್ವೇಸ್ ಟರ್ನ್ ಅಪ್ ಲೇಟ್! ಐ ಕಾಂಟ್ ಪುಟ್ ಅಪ್ ವಿತ್ ಯು!"

"ಕಾಮ್ ಡೌನ್! ಯು ಬೈಟ್ ಮೈ ಹೆಡ್ ಆಫ್ ಎವ್ರಿ ಡೇ!"

ಸಿಡುಕಿದ ಮಾತ್ರಕ್ಕೆ ತಲೆಯನ್ನೇ ಕಚ್ಚಿ ಕಿತ್ತರು ಎನ್ನುತ್ತಾರಲ್ಲ ಇಂಗ್ಲಿಷಿನವರು, ಅವಳಿಗೆ ಅದು ಬಹಳ ಹಿಡಿಸಿತು. ಕಿತ್ತರೆ ತಪ್ಪೇನು, ಒಳಗೆ ಏನಾದರೂ ಇದ್ದರಲ್ಲವೇ ನಷ್ಟ ಎಂದು ತಿರುಗೇಟು ಕೊಟ್ಟಳು, ಅದೂ ಇಂಗ್ಲಿಷಿನಲ್ಲೇ. ಮೇಡಂ ಓಡಿಬಂದರು, ಬಿಡಿಸಲಿಕ್ಕಲ್ಲ. "ನಿಲ್ಲಿಸ್ಬೇಡಿ! ನೀವಿಬ್ರೂ ಜಗಳಾನೇ ಆಡ್ರಪ್ಪ. ಸಮಾಧಾನವಾಗಿದ್ರೆ ನಿಮಗೆ ಇಂಗ್ಲಿಷ್ ಬರಲ್ಲ."

ಅಲ್ಲಿಂದ ದಿನವೂ ಜಗಳ. ಕಿಟಕಿ ತೆರೆದಿದ್ದಕ್ಕೆ, ಮುಚ್ಚಿದ್ದಕ್ಕೆ, ಅವನು ಪೆನ್ನಿನ ಕ್ಯಾಪು ಕಚ್ಚಿದ್ದಕ್ಕೆ. ಎದುರುತ್ತರ ಕೊಡುವ ಮುನ್ನ ಅವನ ಎಡಹುಬ್ಬು ಒಂದಿಷ್ಟು ಮೇಲೆ ಹೋಗುತ್ತಿತ್ತು. ಅದು ಮೇಲೆ ಹೋಗುವುದನ್ನೇ ಅವಳು ಕಾಯತೊಡಗಿದಳು. ಅವನು ಕಣ್ಣು ತಪ್ಪಿಸದೆ ನೋಡಿದರೆ ಏನು ನೋಡ್ತೀರಿ ಎಂದು ಗದರುವಳು. ನೋಡದಿದ್ದರೆ ಇನ್ನೂ ಜೋರಾಗಿ ಗದರುವಳು.

ಒಮ್ಮೆ ಅವನು ಬರಲಿಲ್ಲ. ಮೇಡಂ ಅವಳನ್ನು ಒಬ್ಬ ಸಾಧು ಗುಮಾಸ್ತನ ಎದುರು ಕೂರಿಸಿದರು. ಬಾಯಿಂದ ನೆಟ್ಟಗೆ ನಾಲ್ಕು ಮಾತು ಹೊರಡಲಿಲ್ಲ. ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುವಾಗ ಅಮ್ಮ ಕೇಳಿದಳು, "ಏನೇ, ಆ ಲಿಫ್ಟಿನವನು ಬಂದಿರ್ಲಿಲ್ವಾ?"

ನರ್ಸಮ್ಮ ಕೈಲಿದ್ದ ಲೋಟ ಹಿಡಿದು ಹಾಗೇ ನಿಂತುಬಿಟ್ಟಳು. ಅವನನ್ನು ಪ್ರೀತಿಸುತ್ತಿದ್ದಳು, ಇನ್ನೇನು. ಗೊತ್ತಾದದ್ದೇ ತಡ, ಅವನ ಮೇಲೆ ಇನ್ನಷ್ಟು ಕೋಪ ಬಂತು.

ಪರೀಕ್ಷೆಯ ದಿನ ಅವರಿಗೆ ಬಂದ ವಿಷಯ ಇಷ್ಟು: ನಿಮ್ಮ ಗೆಳೆಯ ದೂರ ದೇಶಕ್ಕೆ ಹೊರಟಿದ್ದಾನೆ, ಅವನನ್ನು ಹೇಗೆ ಬೀಳ್ಕೊಡುತ್ತೀರಿ, ಇಬ್ಬರೂ ಸೇರಿ ಯೋಚಿಸಿ.

ಅವನು ಪಾರ್ಟಿ ಎಂದ, ಹೂವು ಎಂದ, ಕೇಕ್ ಎಂದ. ಅವಳು ವಿಷಯದ ಚೀಟಿಯನ್ನು ಮಡಿಸುತ್ತ, ಬಿಚ್ಚುತ್ತ ಕೂತಳು. ಪರೀಕ್ಷಕರು ಪೆನ್ನು ಕೈಗೆತ್ತಿಕೊಂಡರು. ಹೀಗೇ ಸುಮ್ಮನಿದ್ದರೆ ಸಾಕು, ತನ್ನ ಕೆಲಸ ಹಾಳಾದರೂ ಇವನು ಇಲ್ಲೇ ಉಳಿಯುತ್ತಾನೆ ಎಂಬ ಆಸೆ ಒಳಗೆ ಹೆಡೆಯೆತ್ತಿತು. ಮೇಜಿನ ಅಂಚು ಹಿಡಿದಿದ್ದ ಅವನ ಬೆರಳುಗಳು ಬಿಳಿಚಿಕೊಂಡಿದ್ದವು. ಅವಳು ತಲೆಯೆತ್ತಿ ನೋಡಿದಳು: ದಿನವಿಡೀ ದುಡಿದು ಬಂದು ಆಕಳಿಸುತ್ತಲೇ ಪಾಠ ಒಪ್ಪಿಸುತ್ತಿದ್ದ ಮುಖ ಅದು. ಅವನ ಅನ್ನಕ್ಕೆ ಕಲ್ಲು ಹಾಕಲು ಅವಳಿಗೆ ಮನಸ್ಸು ಬರಲಿಲ್ಲ.

ಅವಳು ಮೇಜು ಕುಟ್ಟಿದಳು. "ಐ ವೋಂಟ್ ಸೀ ಹಿಮ್ ಆಫ್!"

ಬೀಳ್ಕೊಡುವುದಿಲ್ಲವಂತೆ. ಓಡಿಹೋಗುವವನಿಗೆ ಹೂವು ಬೇರೆ ಕೇಡು ಎಂದಳು, ಇಂಗ್ಲಿಷಿನಲ್ಲೇ, ಒಂದೇ ಉಸಿರಿಗೆ. ಇಲ್ಲೊಬ್ಬಳಿದ್ದಾಳೆ, ಹೋಗಲಾ ಬೇಡವಾ ಎಂದು ಅವಳನ್ನು ಒಂದು ಮಾತು ಕೇಳಿದನೇ ಆ ಮನುಷ್ಯ ಎಂದಳು.

ಅವನ ಕಿವಿ ಕೆಂಪಾಯಿತು. "ಹಿ ಈಸ್ ಅಫ್ರೇಡ್. ಶಿ ಬೈಟ್ಸ್ ಹಿಸ್ ಹೆಡ್ ಆಫ್."

"ದೆನ್ ಹಿ ಶುಡ್ ಸ್ಟ್ಯಾಂಡ್ ಅಪ್ ಟು ಹರ್!" ಹೆದರದೆ ಅವಳಿಗೆ ಎದುರು ನಿಲ್ಲಬೇಕಂತೆ.

ಪರೀಕ್ಷಕರು ಸಮಯ ಮುಗಿದದ್ದನ್ನೂ ಮರೆತು ಕೂತಿದ್ದರು. ಕೊನೆಗೆ, ಎಷ್ಟು ಚೆನ್ನಾಗಿ ನಟಿಸಿದಿರಿ ಎಂದು ಇಬ್ಬರ ಕೈಯನ್ನೂ ಕುಲುಕಿದರು.

"ಪಾಸಾಗ್ಬಿಟ್ವಿ," ಎಂದಳು ಹೊರಗೆ ಬಂದು, ಸಾವಿನ ಸುದ್ದಿ ಹೇಳುವವಳ ಹಾಗೆ.

"ನೀವು ಸುಮ್ಮನಿದ್ದಿದ್ರೆ ನಾನು ಹೋಗೋದು ತಪ್ತಿತ್ತು. ಯಾಕೆ ಬಾಯಿ ಬಿಟ್ರಿ?"

"ನಿಮ್ಮನ್ನ ಇಲ್ಲೇ ಕಟ್ಟಿಹಾಕಿ, ಆಮೇಲೆ ದಿನಾ ನಿಮ್ಮ ಸಪ್ಪೆ ಮೋರೆ ನೋಡೋಕಾ? ಹೋಗಿ! ಎಲ್ಲಾದ್ರೂ ಹಾಳಾಗಿ ಹೋಗಿ!" ಅವಳ ಕಣ್ಣು ತುಂಬಿಬಂತು. ಅದಕ್ಕೂ ಅವನ ಮೇಲೆಯೇ ಸಿಟ್ಟು.

"ಒಳಗೆ ಹೇಳಿದ್ದು..."

"ಪರೀಕ್ಷೆಗೆ ಹೇಳಿದ್ದು."

"ನಾನು ಪರೀಕ್ಷೆಗೆ ಹೇಳ್ಲಿಲ್ಲ."

ಅವಳು ಗಕ್ಕನೆ ತಿರುಗಿದಳು. "ಹಾಗಾದ್ರೆ ಈಗ ಹೇಳು. ಇಂಗ್ಲಿಷ್ ಬೇಡ, ನಮ್ಮ ಮಾತಲ್ಲೇ ಹೇಳು."

ಜಗಳದಲ್ಲಿ ಎಂದೂ ಇರದ ಮಾತಿನ ಬರ ಈಗ ಅವನ ನಾಲಿಗೆಗೆ ಬಂದಿತ್ತು. "ನಿನ್ನ ಬಿಟ್ಟು ಹೋಗ್ಬೇಕಲ್ಲ ಅಂತ ಸಂಕಟ ಆಗ್ತಿದೆ. ವಾಪಸ್ ಬಂದ ದಿನಾನೇ ನಿಮ್ಮಮ್ಮನ ಹತ್ರ ಬಂದು ಕೇಳ್ತೀನಿ. ಅಲ್ಲೀವರೆಗೂ ಇನ್ಯಾರ ಜತೇಗೂ ಜಗಳ ಆಡ್ಬೇಡ."

"ನಿನ್ನಷ್ಟು ಕೆಟ್ಟವನು ಇನ್ನೊಬ್ಬ ಸಿಗಬೇಕಲ್ಲ," ಎಂದು ಅವಳು ಅವನ ತೋಳಿಗೆ ಹಣೆಯಿಟ್ಟು ಜೋರಾಗಿಯೇ ಅತ್ತಳು.